ಗಾಡಿ ಬರೋದಿಲ್ಲ

ಮೂಡಿಗೆರೆ ಸೀಮೆಯ ನಮ್ಮಂಥ ಸಣ್ಣ ಬೆಳೆಗಾರರಿಗೆ ಮಳೆಗಾಲ ಕೊಡುವ ಸವಲತ್ತುಗಳು ಬಹಳ ಇಲ್ಲ. ಕೊಳೆರೋಗ, ಇಂಬಳ, ವಾರಗಟ್ಟಲೆ ಇಲ್ಲದ ಕರೆಂಟು, ಇವೆಲ್ಲ ಕೊಟ್ಟ ಮೇಲೆ ಪಾಪ ಅನಿಸಿಯೋ ಏನೋ ಅದು ನಮಗೆ ಒಂದು ಮಾತನ್ನೂ ಕೊಟ್ಟಿತ್ತು: ‘ಗಾಡಿ ಬರೋದಿಲ್ಲ.’ ಆರಿದ್ರಾ ಹಿಡಿದು ಮಘೆ ಕಳೆಯುವ ತನಕ ಈ ಮಾತು ಎಲ್ಲ ಕಡೆಯೂ ನಡೆಯುತ್ತಿತ್ತು. ಷಡ್ಡಕನ ತಂಗಿಯ ಮನೆ ಗೃಹಪ್ರವೇಶವೇ ಇರಲಿ, ಸೊಸೈಟಿಯ ಮಹಾಸಭೆಯೇ ಇರಲಿ, ‘ಬರಬೇಕು ಅಂತ ತುಂಬಾ ಇತ್ತು, ಹಳ್ಳದ ಹತ್ತಿರ ಕೆಸರು, ಗಾಡಿ ಬರೋದಿಲ್ಲ’ ಎಂದರೆ ಮುಗಿಯಿತು. ಎದುರಿನವರು ಮರುಮಾತು ಆಡುತ್ತಿರಲಿಲ್ಲ. ನಾಳೆ ನಾವು ಕರೆದಾಗ ಅವರಿಗೂ ಅದೇ ಮಾತು ಬೇಕಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವನು ನನ್ನ ಭಾವಮೈದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮನೆಯಿಂದಲೇ ಕೆಲಸ ಮಾಡಬಹುದು ಎಂದು ಕಂಪನಿ ಹೇಳಿದ ದಿನದಿಂದ ಮನೆಯೆಂದರೆ ನಮ್ಮದು ಎಂದುಕೊಂಡಿದ್ದಾನೆ. ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನ ಕಣ್ಣಿಗೆ ಆಳುಗಳು ಗೊಬ್ಬರದ ಚೀಲ ಹೊತ್ತು ದಿಬ್ಬ ಹತ್ತುವುದು ಬಿತ್ತು. ‘ಭಾವ, ಯಾವ ಕಾಲದಲ್ಲಿದ್ದೀರಿ ನೀವು?’ ಎಂದ. ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದು ಪಿಕಪ್ಪು ಅಂಗಳಕ್ಕೆ ಬಂದು ಒಂದು ಪ್ರಾಣಿಯನ್ನು ಇಳಿಸಿತು. ಬೈಕಿನ ಹ್ಯಾಂಡಲ್, ಬೈಕಿನ ಸೀಟು, ನಾಲ್ಕು ದಪ್ಪ ಚಕ್ರ, ಹಿಂದೆ ಮುಂದೆ ಕಬ್ಬಿಣದ ಕ್ಯಾರಿಯರ್, ಮೈಮೇಲೆಲ್ಲ ಬೆಂಕಿಯ ಜ್ವಾಲೆಯ ಸ್ಟಿಕ್ಕರು. ಎಟಿವಿ. ಯಾವುದೋ ರೆಸಾರ್ಟಿನವರು ಹೊಸದು ತಂದು ಹಳೆಯದನ್ನು ಮಾರಿದ್ದಂತೆ. ಪ್ರವಾಸಿಗರನ್ನು ಕೂರಿಸಿಕೊಂಡು ಒಂದೇ ಟ್ರ್ಯಾಕಿನಲ್ಲಿ ಸುತ್ತಿ ಸುತ್ತಿ ಸಾವಿರಾರು ಕಿಲೋಮೀಟರು ಓಡಿತ್ತು, ಎಲ್ಲಿಗೂ ಹೋಗಿರಲಿಲ್ಲ.

ನಮ್ಮ ಚಿಕ್ಕಪ್ಪ ಕಣದ ಅಂಚಿನಲ್ಲಿ ನಿಂತು ಅದನ್ನು ನೋಡಿ, ‘ಬಾಗಿಲಿಲ್ಲ, ಟಾಪಿಲ್ಲ, ಸ್ಟೇರಿಂಗೂ ಇಲ್ಲ. ಬಾಕಿ ಸಾಮಾನು ಯಾವಾಗ ಬರುತ್ತಪ್ಪ?’ ಎಂದು ಕೇಳಿದರು. ಚಿಕ್ಕಪ್ಪನ ಪಕ್ಷಪಾತ ಊರಿಗೇ ಗೊತ್ತು. ಅವರದ್ದು ಸರ್ಕಾರಿ ಹರಾಜಿನಲ್ಲಿ ಹಿಡಿದ ಮಹೀಂದ್ರ ಎಂಎಂ 540 ಜೀಪು, ಪೂಜೋ ಡೀಸೆಲ್ ಇಂಜಿನ್ನಿನದು. ಮಳೆಗಾಲದಲ್ಲಿ ಟಯರಿಗೆ ಚೈನ್ ಕಟ್ಟಿ, ಗೇರಿನ ಪಕ್ಕದ ಚಿಕ್ಕ ಲಿವರನ್ನು ಲೋಗೆ ಎಳೆದರೆ ಅದು ಗೊಣಗುತ್ತ ಗೋಡೆಯನ್ನೂ ಹತ್ತುತ್ತದೆಂದು ಅವರ ನಂಬಿಕೆ. 1947ರಲ್ಲೇ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸಲು ಕೈಹಾಕಿದ್ದು. ಆ ವರ್ಷ ದೇಶದಲ್ಲಿ ಇನ್ನೊಂದು ಘಟನೆಯೂ ನಡೆಯಿತು ಎಂಬುದನ್ನು ಚಿಕ್ಕಪ್ಪ ಒಪ್ಪುತ್ತಾರೆ.

‘ಇದನ್ನ ಯಾರು ಕಂಡುಹಿಡಿದಿದ್ದು?’ ಎಂದು ಅವರು ಕೇಳಿದ್ದೇ ತಡ, ಭಾವಮೈದ ಪುರಾಣ ಬಿಚ್ಚಿದ. ಅಮೆರಿಕದಲ್ಲಿ ಚಳಿಗಾಲ ಬಂದು ಹಿಮ ಬಿದ್ದರೆ ಮೋಟರ್‌ಸೈಕಲ್ ಕೊಳ್ಳುವವರಿಲ್ಲ. ಅಲ್ಲಿನ ಡೀಲರುಗಳು, ಆ ತಿಂಗಳುಗಳಲ್ಲೂ ಮಾರಲು ಏನಾದರೂ ಕೊಡಿ ಎಂದು ಹೋಂಡಾ ಕಂಪನಿಯ ಮುಂದೆ ಕೈಯೊಡ್ಡಿದರು. ಒಸಾಮು ತಾಕೆಯುಚಿ ಎಂಬ ಇಂಜಿನಿಯರು ಏನೇನೋ ಪ್ರಯೋಗ ಮಾಡಿ, ಕೊನೆಗೆ ಬಲೂನಿನಂಥ ಮೂರು ಟಯರು ಹಾಕಿದ ಒಂದು ಗಾಡಿ ಮಾಡಿದರು. ಸ್ಪ್ರಿಂಗು, ಶಾಕಬ್ಸರು ಯಾವುದೂ ಇಲ್ಲ, ಎಲ್ಲ ಏಟನ್ನೂ ಟಯರೇ ತಿನ್ನಬೇಕು. 1970ರಲ್ಲಿ ಅದು ಮಾರುಕಟ್ಟೆಗೆ ಬಂತು. ಮರುವರ್ಷ ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್‌ನ ಕಾಲಡಿಗೂ ಬಂತು. ಆಟಕ್ಕೆಂದು ಮಾಡಿದ ಅದನ್ನು ಅಲ್ಲಿನ ರೈತರು ಮೆಲ್ಲಗೆ ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಹುಲ್ಲು ಹೇರತೊಡಗಿದರು. ಕಂಪನಿಯವರು ಇದನ್ನು ಗಮನಿಸಿ 1982ರಲ್ಲಿ ಕ್ಯಾರಿಯರು, ಸಸ್ಪೆನ್ಷನ್ನು ಕೊಟ್ಟು ದುಡಿಯುವ ಗಾಡಿಯನ್ನೇ ತಂದರು. ಆದರೆ ಮೂರು ಚಕ್ರದ್ದು ತಿರುವಿನಲ್ಲಿ ಮಗುಚುತ್ತಿತ್ತು. ಸುಜುಕಿಯವರು 1983ರ ಮಾದರಿಯಲ್ಲಿ ನಾಲ್ಕನೇ ಚಕ್ರ ಸೇರಿಸಿದರು. 1988ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ್ದರ ಮಾರಾಟವೇ ನಿಂತಿತು.

ಚಿಕ್ಕಪ್ಪ ಕವಳ ಉಗಿದು ಬಂದು, ‘ಮೂರು ಚಕ್ರದ್ದು ಮಗುಚುತ್ತೆ ಅಂತ ತಿಳಿಯೋಕೆ ಅವರಿಗೆ ಹದಿನೆಂಟು ವರ್ಷ ಬೇಕಾಯ್ತಾ? ನಮ್ಮ ಸ್ಟ್ಯಾಂಡಿನ ಆಟೋ ಹತ್ತಿ ಒಂದು ಸಲ ಚಾರ್ಮಾಡಿ ಘಾಟಿ ಇಳಿದಿದ್ರೆ ಸಾಕಿತ್ತು’ ಎಂದರು.

ಗಾಡಿ ಬಂದ ಮಾರನೆಯ ದಿನ ಒಂದು ಹೊಸ ಸಂಗತಿ ತಿಳಿಯಿತು. ನಮ್ಮ ತೋಟದ ನಡುವೆ ಟಾರು ರಸ್ತೆ ಹಾದುಹೋಗಿದೆ. ಮೇಲಿನ ತುಂಡಿನಲ್ಲಿ ಮನೆ ಮತ್ತು ಅರೇಬಿಕಾ, ಕೆಳಗಿನ ತುಂಡಿನಲ್ಲಿ ರೊಬಸ್ಟಾ. ಗೊಬ್ಬರ ಹೋಗಬೇಕಾದ್ದು ಕೆಳಗೆ. ನಾನು ಗೇಟು ತೆಗೆಯುತ್ತಿದ್ದಂತೆ ಭಾವಮೈದ ‘ನಿಲ್ಸಿ ಭಾವ’ ಎಂದು ಕೂಗಿದ. ಇಂಥ ಗಾಡಿಗೆ ರಿಜಿಸ್ಟ್ರೇಷನ್ ಇಲ್ಲ, ನಂಬರ್ ಪ್ಲೇಟಿಲ್ಲ. ಸ್ವಂತ ಜಾಗದಲ್ಲಿ ಏನು ಬೇಕಾದರೂ ಮಾಡಬಹುದು, ಸಾರ್ವಜನಿಕ ರಸ್ತೆಗೆ ಚಕ್ರ ಇಡುವ ಹಾಗಿಲ್ಲ. ಕೆಸರು, ಹಳ್ಳ, ಮರಳು, ಹಿಮ, ಕೊರಕಲು ಎಲ್ಲದರ ಮೇಲೂ ಹೋಗಬಲ್ಲ ವಾಹನಕ್ಕೆ ಈ ಭೂಮಿಯ ಮೇಲೆ ನಿಷಿದ್ಧವಾದ ಒಂದೇ ಜಾಗವೆಂದರೆ ಸಮತಟ್ಟಾದ ರಸ್ತೆ! 2019ರಲ್ಲಿ ಪೊಲಾರಿಸ್ ಕಂಪನಿ ಒಂದು ಎಟಿವಿಯನ್ನು ಟ್ರ್ಯಾಕ್ಟರ್ ಎಂಬ ಲೆಕ್ಕದಲ್ಲಿ ರಸ್ತೆಗಿಳಿಸುವ ದಾರಿ ಹುಡುಕಿತ್ತೆಂದು ಅವನೇ ಹೇಳಿದ. ನಮ್ಮದು ಆ ಕುಲದ್ದಲ್ಲ.

‘ಮತ್ತೆ ದಾಟಿಸೋದು ಹೇಗೆ?’

‘ಇಂಜಿನ್ ಆಫ್ ಮಾಡಿ ತಳ್ಳೋಣ. ಓಡಿಸಿದ್ರೆ ವಾಹನ, ತಳ್ಳಿದ್ರೆ ಸಾಮಾನು.’

ಕಾನೂನಿನ ಈ ವ್ಯಾಖ್ಯಾನ ಯಾವ ನ್ಯಾಯಾಲಯದಲ್ಲಿ ನಿಲ್ಲುತ್ತದೋ ನಾನರಿಯೆ. ಬರಿಮೈಯಲ್ಲೇ ಮುನ್ನೂರು ಕೆಜಿ ಮುಟ್ಟುವ ಗಾಡಿ, ಅದರ ಮೇಲೆ ಗೊಬ್ಬರದ ಚೀಲ. ನಾನು, ಭಾವಮೈದ, ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರು ಮೂವರೂ ಸೇರಿ ಸಾಮಾನು ತಳ್ಳತೊಡಗಿದೆವು. ಹೊರನಾಡಿಗೆ ಹೊರಟಿದ್ದ ಒಂದು ಟೆಂಪೋ ಟ್ರಾವೆಲರ್ ನಿಂತಿತು. ಒಳಗಿದ್ದವರು ಇಳಿದು, ‘ಕೆಟ್ಟೋಯ್ತಾ ಸಾರ್?’ ಎಂದು ತಾವೂ ಕೈಕೊಟ್ಟರು. ಆಚೆ ಗೇಟಿನೊಳಗೆ ಹೋದದ್ದೇ ಭಾವಮೈದ ಬಟನ್ ಒತ್ತಿ ಸ್ಟಾರ್ಟ್ ಮಾಡಿ ಭರ್ರನೆ ಹೋಗಿಬಿಟ್ಟ. ಆ ಪುಣ್ಯಾತ್ಮರ ಮುಖವನ್ನು ನೋಡಲಾಗದೆ ನಾನು ಕಾಫಿ ಗಿಡದ ಚಿಗುರು ಪರೀಕ್ಷಿಸಿದೆ.

ಕೆಲಸದ ಮಾತಿಗೆ ಬಂದರೆ ಗಾಡಿಯನ್ನು ಆಡಿಕೊಳ್ಳುವ ಹಾಗಿಲ್ಲ. ಮುಂಗಾರಿಗೆ ಮುಂಚೆ ಬೋರ್ಡೋ ಹೊಡೆಯುವಾಗ ಮೈಲುತುತ್ತ, ಸುಣ್ಣ, ನೀರಿನ ಕ್ಯಾನು, ಪೈಪು ಎಲ್ಲ ಅದರ ಬೆನ್ನಿಗೆ. ಗೇರು ಬದಲಿಸುವ ಕಾಟವಿಲ್ಲ, ಒಳಗೆ ಬೆಲ್ಟು ತಾನೇ ನೋಡಿಕೊಳ್ಳುತ್ತದೆ. ಆಕ್ಸಿಲರೇಟರು ಹೆಬ್ಬೆರಳಿನಲ್ಲಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ಗುಂಡಿಗೆ ಬಿದ್ದಾಗ ಮೈ ಮುಂದೆ ಜಗ್ಗುತ್ತದೆ, ಮೈಯ ಜೊತೆ ಹೆಬ್ಬೆರಳೂ ಹೋಗುತ್ತದೆ. ಆಗ ಗಾಡಿ, ಮಾಲೀಕರು ಅವಸರದಲ್ಲಿದ್ದಾರೆ ಎಂದು ತಿಳಿದು ಇನ್ನಷ್ಟು ಜೋರಾಗಿ ಮುಂದಿನ ಗುಂಡಿಯನ್ನು ಹುಡುಕಿಕೊಂಡು ಹೊರಡುತ್ತದೆ. ಟಯರಿನ ಕತೆ ಬೇರೆ. ಕಾರಿಗೆ 30 ಪೌಂಡಿನ ಆಸುಪಾಸು ಗಾಳಿ ಹೊಡೆಸುವವರು ನಾವು. ಇದಕ್ಕೆ 5 ಪೌಂಡು. ಅಷ್ಟು ಮೆತ್ತಗಿದ್ದರೇ ಅದು ಕೆಸರಿನಲ್ಲಿ ಹೂತುಕೊಳ್ಳದೆ ಅಗಲವಾಗಿ ಹರಡಿಕೊಂಡು ತೇಲುವುದು. ಚಕ್ರ ಬಿಚ್ಚಿಕೊಂಡು ಹೋದಾಗ ಪಂಕ್ಚರ್ ಅಂಗಡಿಯವನು ಮೀಟರನ್ನು ಎರಡೆರಡು ಸಲ ನೋಡಿ, ‘ಸಾರ್, ನಮ್ಮ ಮೀಟರ್ ಶುರುವಾಗೋದೇ ಹತ್ತರಿಂದ’ ಎಂದ. ಕೊನೆಗೆ ಹೆಬ್ಬೆರಳಲ್ಲಿ ಒತ್ತಿ ನೋಡಿ, ಪಪ್ಪಾಯಿ ಹಣ್ಣಾಗಿದೆಯೋ ಇಲ್ಲವೋ ಎಂದು ನಿರ್ಧರಿಸುವ ರೀತಿಯಲ್ಲಿ ಸರಿಮಾಡಿಕೊಟ್ಟ.

ಓಡಿಸುವುದರಲ್ಲಿ ನಮ್ಮ ಮನೆಯ ನಿಜವಾದ ಪ್ರತಿಭೆ ನನ್ನ ಹೆಂಡತಿ. ಇದು ಕೂತು ಓಡಿಸುವ ವಾಹನವಲ್ಲ. ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಮೈಯನ್ನು ಗುಡ್ಡದ ಕಡೆಗೆ ವಾಲಿಸಬೇಕು, ಏರಿನಲ್ಲಿ ಮುಂದೆ ಬಾಗಬೇಕು, ಇಳಿಯುವಾಗ ಹಿಂದೆ ಸರಿಯಬೇಕು. ಭಾವಮೈದ ಇದನ್ನೆಲ್ಲ ವಿಡಿಯೋ ನೋಡಿ ಕಲಿತ. ಅವಳು ತಮ್ಮನ ಬೆನ್ನ ಹಿಂದೆ ನಿಂತು ಒಂದು ಸಲ ನೋಡಿದಳು, ಸೆರಗು ಸಿಕ್ಕಿಸಿಕೊಂಡು ಹತ್ತಿದಳು, ಹೋದಳು. ಹಿಂದೆ ಇನ್ನೊಬ್ಬರನ್ನು ಕೂರಿಸುವುದಿಲ್ಲ, ತಲೆಗೆ ಹೆಲ್ಮೆಟ್ ಇಲ್ಲದೆ ಮುಟ್ಟುವುದಿಲ್ಲ. ಈ ಎರಡು ನಿಯಮಗಳಲ್ಲಿ ಅವಳದು ಮಿಲಿಟರಿ ಶಿಸ್ತು. ನಾನೂ ಆ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಆಸ್ಟ್ರೇಲಿಯದ ಹೊಲಗಳಲ್ಲಿ ಇಂಥವು ಮಗುಚಿ, ಅಡಿಗೆ ಸಿಕ್ಕಿ ಸತ್ತವರು ಎಷ್ಟು ಮಂದಿಯೆಂದರೆ, 2021ರ ಅಕ್ಟೋಬರಿನಿಂದ ಅಲ್ಲಿ ಹೊಲಗದ್ದೆಯ ಕೆಲಸಕ್ಕೆ ಮಾರುವ ಹೊಸ ಗಾಡಿಗಳಿಗೆ ಸವಾರನನ್ನು ಕಾಯುವ ಚೌಕಟ್ಟು ಇರಲೇಬೇಕೆಂದು ಕಾನೂನಾಗಿದೆ. ನಮ್ಮ ಗಾಡಿಯ ಮೇಲೆ ಒಬ್ಬರೇ ಕೂರಬೇಕೆಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿದೆ. ಅದನ್ನು ಓದಿ ಹೇಳಿದ ಮೇಲೂ ನಮ್ಮ ಅಮ್ಮ, ‘ಒಬ್ಬಳೇ ಮಗಳ ಹಾಗೆ ಕೂತ್ಕೋತೀನಿ, ಜಾಸ್ತಿ ಜಾಗ ಬೇಡ’ ಎಂದು ದಿನವೂ ಅರ್ಜಿ ಹಾಕುತ್ತಾರೆ.

‘ಗಾಡಿ ಬರೋದಿಲ್ಲ’ ಎಂಬ ನನ್ನ ಆ ಮಾತು ಸತ್ತದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ನಮ್ಮ ಮನೆಗೆ ಅಂಥದೊಂದು ಗಾಡಿ ಬಂದಿದೆ ಎಂಬ ಸುದ್ದಿ ಗಾಡಿಗಿಂತ ಮುಂಚೆ ಹಳ್ಳ ದಾಟಿತ್ತು. ಶ್ರಾವಣದಲ್ಲಿ ಒಂದು ನಾಮಕರಣಕ್ಕೆ ಕರೆ ಬಂತು. ನಾನು ಅಭ್ಯಾಸಬಲದಿಂದ ಹಳ್ಳ, ಕೆಸರು ಎಂದು ಪೀಠಿಕೆ ಹಾಕುತ್ತಿದ್ದೆ. ಆ ಕಡೆಯಿಂದ, ‘ಟಾರಿನ ತನಕ ಅದರಲ್ಲಿ ಬನ್ನಿ ಭಾವ, ಅಲ್ಲಿಂದ ಕಾರು ಕಳಿಸ್ತೀವಿ’ ಎಂಬ ಪರಿಹಾರವೇ ಬಂದುಬಿಟ್ಟಿತು. ಹೋದೆ. ಕೆಸರು ಸಿಡಿದ ಪಂಚೆಯಲ್ಲಿ ಕೂತು ಹೋಳಿಗೆ ತಿಂದೆ. ಆಮೇಲೆ ಸೊಸೈಟಿಯ ಮಹಾಸಭೆಗೂ ಹೋಗಬೇಕಾಯಿತು. ಹಾಜರಿದ್ದವರೇ ಕಡಿಮೆಯಾದ್ದರಿಂದ ನನ್ನನ್ನು ಯಾವುದೋ ಉಪಸಮಿತಿಗೂ ಸೇರಿಸಿದರು. ಬರಲು ಆಗದಿದ್ದವರೆಲ್ಲ ಮನೆಯಲ್ಲಿ ಹಲಸಿನ ಹಪ್ಪಳ ತಿನ್ನುತ್ತಿದ್ದರು.

ಊರಿನ ಕೆಲಸಗಳೂ ತಾವಾಗಿ ಗಾಡಿಯನ್ನು ಹುಡುಕಿಕೊಂಡು ಬಂದವು. ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಮೋಟರು ರಿಪೇರಿಯವನ ಸಾಮಾನು. ಚೌತಿಯಲ್ಲಿ ಹುಡುಗರ ಸಂಘದವರು ಗಣಪತಿಯನ್ನು ನಮ್ಮ ಕೆರೆಯಲ್ಲಿ ಬಿಡಲು ಕ್ಯಾರಿಯರಿನ ಮೇಲೆಯೇ ಕೂರಿಸಿದರು. ಅಪ್ಪ ಅಮ್ಮನಿಗೆ ಒಂದು ಸುತ್ತು ಹಾಕಿ ಲೋಕವನ್ನೇ ಸುತ್ತಿದೆ ಎಂದು ಲೆಕ್ಕ ಒಪ್ಪಿಸಿದ ದೇವರಿಗೆ, ರೆಸಾರ್ಟಿನ ಟ್ರ್ಯಾಕಿನಲ್ಲೇ ಸುತ್ತಿ ಮೀಟರು ಏರಿಸಿಕೊಂಡ ವಾಹನಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು? ಗಣಪತಿಯ ಇಲಿ ಮಾತ್ರ ಮುಂದಿನ ಕ್ಯಾರಿಯರಿನಲ್ಲಿ ಸೊಪ್ಪಿನ ನಡುವೆ ಕೂತು ಬಂತು.

ಇನ್ನು ಮೋಜಿನ ಬಾಬತ್ತು. ಭಾನುವಾರ ಬೆಂಗಳೂರಿನಿಂದ ನೆಂಟರ ಮಕ್ಕಳು ಬರುತ್ತಾರೆ. ಮೊದಲೆಲ್ಲ ನನ್ನನ್ನು ಮಾತನಾಡಿಸುತ್ತಿದ್ದರು. ಈಗ ಕೀ ಎಲ್ಲಿ ಎಂದು ಕೇಳುತ್ತಾರೆ. ದೊಡ್ಡವರಾದವರಿಗೆ ಕಣದಲ್ಲಿ ಒಬ್ಬೊಬ್ಬರಿಗೇ ಸುತ್ತು, ನಾನು ಪಕ್ಕದಲ್ಲಿ ಸೀಟಿ ಹಿಡಿದು ನಿಲ್ಲಬೇಕು. ಅವರ ಆಟವೆಂದರೆ ನನ್ನ ಕೆಲಸ. ಕೊಡಚಾದ್ರಿಯ ಜೀಪಿನ ಡ್ರೈವರುಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ಹಿಂದೆ ಕೂತವರು 1343 ಮೀಟರಿನ ಬೆಟ್ಟಕ್ಕೆ ಕಿರುಚುತ್ತ ಹತ್ತುತ್ತಾರೆ. ಡ್ರೈವರು ಮಾತ್ರ ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಮುಖಭಾವದಲ್ಲೇ ಸ್ಟೇರಿಂಗು ತಿರುಗಿಸುತ್ತಿರುತ್ತಾನೆ.

ಒಬ್ಬ ಹುಡುಗ, ‘ಅಂಕಲ್, ಆ ಬೋಳುಗುಡ್ಡದ ಮೇಲೆ ಹತ್ತಿಸೋಣ’ ಎಂದ. ಅದಕ್ಕೆ ಮಾತ್ರ ನಾನು ಬಗ್ಗಲಿಲ್ಲ, ಅಪರೂಪಕ್ಕೆ ಚಿಕ್ಕಪ್ಪನೂ ನನ್ನ ಪಕ್ಷಕ್ಕೆ ಬಂದರು. ಹುಲ್ಲುಗಾವಲಿನಲ್ಲಿ ಚಕ್ರ ಒಂದೇ ಜಾಡಿನಲ್ಲಿ ನಾಲ್ಕು ಸಲ ಓಡಾಡಿದರೆ ಬೇರು ಕಿತ್ತು ಬರುತ್ತದೆ. ಮೊದಲ ಮಳೆಗೆ ಅದೇ ಜಾಡು ನೀರಿನ ದಾರಿಯಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲೊಂದು ಕೊರಕಲು. ಆ ಮಣ್ಣು ಬಂದು ಕೂರುವುದು ಕೆಳಗಿನವರ ಗದ್ದೆಯಲ್ಲಿ. ‘ಜೀಪಾದ್ರೂ ಅಷ್ಟೆ, ಇದಾದ್ರೂ ಅಷ್ಟೆ’ ಎಂದರು ಚಿಕ್ಕಪ್ಪ. ಎರಡನ್ನೂ ಒಂದೇ ಉಸಿರಿನಲ್ಲಿ ಅವರು ಹೇಳಿದ್ದು ಅದೇ ಮೊದಲು.

ಮೊನ್ನೆ ನನ್ನ ಹೆಂಡತಿ ಕ್ಯಾರಿಯರಿಗೆ ಸ್ಪ್ರೇ ಕ್ಯಾನು ಕಟ್ಟಿಕೊಂಡು ಕೆಳಗಿನ ತೋಟದಿಂದ ಬಂದಳು. ತಳ್ಳುವ ಜನ ಯಾರೂ ಇರಲಿಲ್ಲ. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಓಡಿಸಿಕೊಂಡೇ ದಾಟಿಬಿಟ್ಟಳು. ತಿರುವಿನ ಮರೆಯಲ್ಲಿ ಬೈಕು ನಿಲ್ಲಿಸಿಕೊಂಡಿದ್ದ ಪೊಲೀಸರೊಬ್ಬರು ಹಿಂದೆಯೇ ನಮ್ಮ ಗೇಟಿಗೆ ಬಂದರು.

‘ಏನಮ್ಮ, ಇದಕ್ಕೆ ಆರ್‌ಸಿ ಎಲ್ಲಿ?’

‘ಸ್ಪ್ರೇಯರ್‌ಗೂ ಆರ್‌ಸಿ ಬೇಕಾ ಅಣ್ಣ?’

ಅವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಟಯರನ್ನು ಬೂಟಿನಿಂದ ಒತ್ತಿ ನೋಡಿದರು. ಜ್ವಾಲೆಯ ಸ್ಟಿಕ್ಕರಿನ ಮೇಲೆ ಕೈಯಾಡಿಸಿದರು. ಚಿಕ್ಕಪ್ಪ ಸಂದರ್ಭ ಅರಿತು, ‘ಗೇಟಿನ ಒಳಗೆ ಓಡಿಸಿದ್ರೆ ಏನೂ ತಪ್ಪಿಲ್ಲ ಅಲ್ವಾ ಸಾರ್?’ ಎಂದು ಕೇಳಿದರು. ‘ಇಲ್ಲ, ಒಳಗೆ ತೊಂದರೆ ಇಲ್ಲ’ ಎನ್ನುತ್ತ ಅವರು ಕ್ಯಾಪು ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಹೆಂಡತಿ ಹೆಲ್ಮೆಟ್ ಮುಂದೆ ಹಿಡಿದಳು. ಅರೇಬಿಕಾದ ನಡುವಿನ ದಾರಿಯಲ್ಲಿ ಹೋದವರು ಕಾಫಿ ಆರಿದರೂ ಬರಲಿಲ್ಲ. ಇಂಜಿನ್ನಿನ ಸದ್ದು ಒಮ್ಮೆ ಕೆರೆ ಕಡೆಯಿಂದ, ಒಮ್ಮೆ ಗುಡ್ಡದ ಕಡೆಯಿಂದ ಬರುತ್ತಿತ್ತು. ಬಂದಾಗ ಮೊಣಕಾಲಿನ ತನಕ ಕೆಸರು, ಮುಖದ ತುಂಬ ಹಲ್ಲು. ಕೇಸಿನ ಮಾತು ಬರಲಿಲ್ಲ. ಬಿಸಿ ಮಾಡಿದ ಕಾಫಿ ಕುಡಿದು, ಕ್ಯಾಪು ಹಾಕಿಕೊಂಡು, ಮೆಟ್ಟಿಲಿಳಿಯುವಾಗ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು:

‘ಸಾರ್, ಇದಕ್ಕೆ ಬ್ಯಾಂಕಲ್ಲಿ ಲೋನ್ ಕೊಡ್ತಾರಾ?’