ಶಿಸ್ತು ಮಂತ್ರಿಯ ರಾಜ್ಯದಲ್ಲಿ

ಮೂರನೇ ಕ್ಲಾಸಿನ ಹುಡುಗನ ಟಿಫಿನ್ ಡಬ್ಬಿಯನ್ನು ಐದನೇ ಕ್ಲಾಸಿನವನೊಬ್ಬ ದಿನಾ ಕಿತ್ತುಕೊಳ್ಳುತ್ತಾನೆ. ಶಾಲೆ ಏನು ಮಾಡುತ್ತದೆ? ಚಿತ್ರಕಲಾ ಸ್ಪರ್ಧೆ ಏರ್ಪಡಿಸುತ್ತದೆ. ವಿಷಯ: ‘ನಾವೆಲ್ಲ ಗೆಳೆಯರು’. ಕಿತ್ತುಕೊಂಡವನಿಗೇ ಮೊದಲ ಬಹುಮಾನ. ಅವನ ಕ್ರೇಯಾನ್ಸ್ ಚೆನ್ನಾಗಿವೆ. ಅವೂ ಕಿತ್ತುಕೊಂಡವೇ.

ಈಗ ಹೊಸ ರಾಗ ಶುರುವಾಗಿದೆ. ಮಕ್ಕಳು ಮಕ್ಕಳಿಗೆ ಕೊಡುವ ಕಾಟಕ್ಕೆ ಮಕ್ಕಳೇ ದಾರಿ ಹುಡುಕಬೇಕಂತೆ. ಕೇಳಲು ಎಷ್ಟು ಚೆಂದ! ರಸ್ತೆ ಗುಂಡಿಯನ್ನು ಬೈಕಿನವನೇ ತಪ್ಪಿಸಿಕೊಂಡು ಹೋಗಬೇಕು ಎಂಬ ನಮ್ಮ ನಗರಾಡಳಿತದ ತತ್ವ ಈಗ ಒಂದನೇ ಕ್ಲಾಸಿಗೂ ಬಂದಿದೆ.

ತಮಾಷೆ ಏನೆಂದರೆ, ಮಕ್ಕಳು ದಾರಿ ಹುಡುಕಿ ಯಾವುದೋ ಕಾಲವಾಯಿತು. ನಮಗೆ ಕೇಳಿಸಿಕೊಳ್ಳಲು ಪುರುಸೊತ್ತಾಗಿಲ್ಲ ಅಷ್ಟೇ.

ಮೊದಲು ನಾವು ಅವರಿಗೆ ಕಟ್ಟಿಕೊಟ್ಟ ವ್ಯವಸ್ಥೆ ನೋಡಿ. ಶಾಲೆ ಶುರುವಾಯಿತೆಂದರೆ ಶಾಲಾ ಸಂಸತ್ತಿಗೆ ಚುನಾವಣೆ. ಪ್ರಚಾರ, ಮತಪೆಟ್ಟಿಗೆ, ಬೆರಳಿಗೆ ಶಾಯಿ, ಪ್ರಮಾಣವಚನ. ಆರೋಗ್ಯ ಮಂತ್ರಿ ಉಗುರು ನೋಡುತ್ತಾಳೆ. ನೀರಾವರಿ ಮಂತ್ರಿ ಗಿಡಕ್ಕೆ ನೀರು ಹಾಕುತ್ತಾನೆ. ಸ್ವಚ್ಛತಾ ಮಂತ್ರಿ ಪೊರಕೆ ಹಿಡಿಯುತ್ತಾಳೆ. ಆ ಖಾತೆ ಹುಡುಗಿಗೇ ಬರುವುದು ಕಾಕತಾಳೀಯ ಅಂತ ನಂಬಿಕೊಳ್ಳೋಣ.

ಶಿಸ್ತು ಮಂತ್ರಿಯ ಅರ್ಹತೆ ಮಾತ್ರ ಬೇರೆ. ಎತ್ತರ ಇರಬೇಕು. ಗಂಟಲು ಇರಬೇಕು. ನಾಲ್ಕು ಜನ ಹೆದರಬೇಕು. ಅಂದರೆ ಕಾಟ ಕೊಡುವವನನ್ನೇ ಹುಡುಕಿ ಖಾತೆ ಕೊಡುವುದು. ದೊಡ್ಡವರ ಸಂಪುಟ ನೋಡಿ ಮಕ್ಕಳು ಏನೂ ಕಲಿಯುವುದಿಲ್ಲ ಅಂದವರು ಯಾರು?

ಮೇಷ್ಟ್ರು ಹೊರಗೆ ಹೋದರೆ ಬೋರ್ಡಿನ ಮೂಲೆಯಲ್ಲಿ ‘ಮಾತನಾಡಿದವರು’ ಎಂಬ ಪಟ್ಟಿ ಏಳುತ್ತದೆ. ಸೀಮೆಸುಣ್ಣ ಕ್ಲಾಸ್ ಲೀಡರ್ ಕೈಯಲ್ಲಿ. ಆಗದವನ ಹೆಸರಿನ ಮುಂದೆ ಮೂರು ಇಂಟು ಗುರುತು. ಪೆನ್ಸಿಲ್ ಕೊಟ್ಟವನ ಹೆಸರು ಅಳಿಸಿಹೋಗುತ್ತದೆ. ಮೇಷ್ಟ್ರು ವಾಪಸ್ ಬಂದು ಪಟ್ಟಿ ಓದಿ ಶಿಕ್ಷೆ ಕೊಡುತ್ತಾರೆ. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಎಂಟು ವರ್ಷದವನಿಗೆ ಅಧಿಕಾರದ ರುಚಿ ಹತ್ತಿಸುವುದು ನಾವು. ಅವನು ಅದನ್ನೇ ಮೈದಾನದಲ್ಲಿ ಮಾಡಿದರೆ ತಪ್ಪು ಮೊಬೈಲಿನದು.

ಇನ್ನು ದೂರು ಪೆಟ್ಟಿಗೆ. ಇದೆ, ಇಲ್ಲ ಅನ್ನುವಂತಿಲ್ಲ. ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೇ ಇದೆ. ಕೀಲಿ ಅವರ ಬೀರುವಿನಲ್ಲಿ. ಚೀಟಿ ಹಾಕಿದವರು ಯಾರು ಅಂತ ಇಡೀ ಶಾಲೆಗೆ ಗೊತ್ತಾಗುತ್ತದೆ. ಚೀಟಿಯಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಗೋಡೆಯಲ್ಲಿ 1098 ಅಂತ ದಪ್ಪಕ್ಷರದಲ್ಲಿ ಬರೆದಿದೆ. ಮಕ್ಕಳ ಸಹಾಯವಾಣಿ. ಶಾಲೆಗೆ ಫೋನ್ ತಂದರೆ ಶಿಕ್ಷೆ.

ಮಗು ಬಾಯಿ ಬಿಟ್ಟು ಹೇಳಿತು ಅಂತಲೇ ಇಟ್ಟುಕೊಳ್ಳಿ. ಟೀಚರ್ ಕೇಳುತ್ತಾರೆ: “ನೀನೇನು ಮಾಡ್ದೆ ಅವನಿಗೆ? ಸುಮ್‌ಸುಮ್ನೆ ಹೊಡೀತಾನಾ?” ಹೊಡೆದವನ ತಾಯಿ ಹೇಳುತ್ತಾರೆ: “ನಮ್ಮ ಮಗು ಅಂಥದ್ದಲ್ಲ ಮೇಡಂ.” ಹೊಡೆಸಿಕೊಂಡವನ ಅಪ್ಪ ಗುಡುಗುತ್ತಾನೆ: “ಅಳ್ತಾ ಬರ್ಬೇಡ. ನೀನೂ ಎರಡು ಕೊಟ್ಟು ಬಾ.” ಇದೇ ಅಪ್ಪ ಆಫೀಸಿನಲ್ಲಿ ಸಾಹೇಬರು ಬೈದರೆ ‘ಸರಿ ಸರ್’ ಅಂದು ಫೈಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಎರಡು ಕೊಡುವ ಧೈರ್ಯವನ್ನು ಏಳು ವರ್ಷದ ಮಗನಿಗೆ ಹೊರಗುತ್ತಿಗೆ ಕೊಟ್ಟಿದ್ದಾನೆ.

ಬೈಗುಳಗಳನ್ನು ಮಕ್ಕಳು ತಾವೇ ಹುಟ್ಟಿಸಿಕೊಂಡರೇ? ಕರಿಯ, ಡುಮ್ಮಿ, ಸೋಡಾಬುಡ್ಡಿ, ತೊದಲ. ಜೊತೆಗೆ ಬಾಯಲ್ಲಿ ಹೇಳಬಾರದ ಜಾತಿಯ ಹೆಸರುಗಳು. ಎಲ್ಲ ಮನೆಯಿಂದ, ಬುತ್ತಿಯ ಜೊತೆಗೇ ಬಂದವು. ಅಡುಗೆ ಮಾಡಿದವರ ಜಾತಿ ನೋಡಿ ಬಿಸಿಯೂಟ ಬೇಡವೆನ್ನುವವರು ದೊಡ್ಡವರು. ಮೊಟ್ಟೆಯ ಮಗು, ಬಾಳೆಹಣ್ಣಿನ ಮಗು ಪಕ್ಕಪಕ್ಕ ಕೂತರೆ ಹೊಟ್ಟೆನೋವು ಬರುವುದೂ ದೊಡ್ಡವರಿಗೇ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಐದನೇ ಕ್ಲಾಸಿನ ಪುಂಡರಲ್ಲ. ಇಂಥ ನಾವು ಮಕ್ಕಳಿಗೆ ಹೇಳುತ್ತಿದ್ದೇವೆ: ಒಬ್ಬರನ್ನೊಬ್ಬರು ಗೌರವಿಸಿ.

ಕಾನೂನು ಇಲ್ಲವೆ? ಬೇಕಾದಷ್ಟಿದೆ. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ 17ನೇ ಕಲಂ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಹಿಂಸೆ ಮಾಡುವಂತಿಲ್ಲ. ಕಣ್ಣಿಟ್ಟದ್ದು ಮೇಷ್ಟ್ರ ಬೆತ್ತದ ಮೇಲೆ. ಅದೇ 2009ರಲ್ಲಿ ಯುಜಿಸಿ ರ‍್ಯಾಗಿಂಗ್ ವಿರುದ್ಧ ನಿಯಮ ತಂತು. ವಿದ್ಯಾರ್ಥಿಯೂ ಪ್ರಮಾಣಪತ್ರ ಬರೆಯಬೇಕು, ಪೋಷಕರೂ ಬರೆಯಬೇಕು. ಆದರೆ ಅದು ಕಾಲೇಜಿಗೆ. ಎಂಟು ವರ್ಷದವನ ಕುತ್ತಿಗೆಪಟ್ಟಿ ಹಿಡಿಯುವ ಹತ್ತು ವರ್ಷದವನು ಈ ಎರಡರ ನಡುವೆ ಆರಾಮಾಗಿ ನುಸುಳಿಹೋದ. ಸಿಬಿಎಸ್‌ಇ 2015ರಲ್ಲಿ ಎಚ್ಚೆತ್ತು ತನ್ನ ಶಾಲೆಗಳಿಗೆ ಸಮಿತಿ ಮಾಡಿ ಎಂದಿತು. ಸಮಿತಿ ಮಾಡುವುದರಲ್ಲಿ ನಮ್ಮನ್ನು ಮೀರಿಸಿದವರುಂಟೆ?

ಆ 2009ರಲ್ಲೇ ಫಿನ್ಲೆಂಡ್ ‘ಕಿವಾ’ ಎಂಬ ಕಾರ್ಯಕ್ರಮವನ್ನು ದೇಶದ ಶಾಲೆಗಳಿಗೆ ಒಯ್ಯತೊಡಗಿತು. ತುರ್ಕು ವಿಶ್ವವಿದ್ಯಾಲಯದವರು ರೂಪಿಸಿದ್ದು. ಅದರ ಗುಟ್ಟು ಸರಳ. ಹೊಡೆಯುವವನೊಬ್ಬ, ಹೊಡೆಸಿಕೊಳ್ಳುವವನೊಬ್ಬ ಅಂತ ಲೆಕ್ಕ ಹಾಕಿ ಕೈತೊಳೆದುಕೊಳ್ಳಬೇಡಿ. ಸುತ್ತ ನಿಂತು ನಗುವ ಇಪ್ಪತ್ತು ಮಕ್ಕಳ ಕಡೆ ನೋಡಿ. ನಗು ನಿಂತರೆ ಆಟ ನಿಲ್ಲುತ್ತದೆ. ನಮ್ಮವರೂ ಫಿನ್ಲೆಂಡಿನ ಶಿಕ್ಷಣವನ್ನು ಬಾಯ್ತುಂಬ ಹೊಗಳುತ್ತಾರೆ. ಕಲಿತು ಬಂದದ್ದು ಸ್ಮಾರ್ಟ್‌ ಬೋರ್ಡ್.

ಇನ್ನೊಂದು ಸಂಗತಿ. ಕೆನಡಾದ ಸಂಶೋಧಕರು ಪ್ರಾಥಮಿಕ ಶಾಲೆಗಳ ಮೈದಾನದಲ್ಲಿ ಕ್ಯಾಮೆರಾ ಇಟ್ಟು ನೋಡಿದರು. 2001ರಲ್ಲಿ ಪ್ರಕಟಿಸಿದರು. ಕಾಟ ನಡೆಯುವಾಗ ಹೆಚ್ಚುಕಡಿಮೆ ಯಾವಾಗಲೂ ಬೇರೆ ಮಕ್ಕಳು ಅಲ್ಲೇ ಇದ್ದರು. ನಡುವೆ ಬಾಯಿ ಹಾಕಿದ್ದು ಐದರಲ್ಲಿ ಒಂದು ಸಲ. ಬಾಯಿ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತು. ಹತ್ತೇ ಸೆಕೆಂಡು. ನಮ್ಮ ಜಾಗೃತಿ ಸಮಾರಂಭದಲ್ಲಿ ಅಷ್ಟರೊಳಗೆ ಮುಖ್ಯ ಅತಿಥಿಗೆ ಶಾಲು ಹೊದಿಸುವುದೂ ಮುಗಿಯುವುದಿಲ್ಲ.

ನಮ್ಮ ಮಕ್ಕಳಿಗೆ ಈ ಪ್ರಬಂಧ ಓದಬೇಕಾಗಿಲ್ಲ. ಶೌಚಾಲಯದ ಹಿಂದೆ ಕಾಯುವವರಿದ್ದಾರೆ ಅಂತ ಗೊತ್ತಿರುವ ಹುಡುಗಿಯರು ಜೋಡಿಯಾಗಿ ಹೋಗುತ್ತಾರೆ. ನಾವು ಅದಕ್ಕೆ ಹರಟೆ ಅಂತ ಬೈಯುತ್ತೇವೆ. ಯಾರೂ ಸೇರಿಸದ ಹುಡುಗನನ್ನು ಒಬ್ಬ “ಬಿಡ್ರೋ, ಅವನು ನಮ್ ಟೀಮು” ಅಂತ ಎಳೆದುಕೊಂಡು ಹೋಗುತ್ತಾನೆ. ಬಸ್ಸಿನಲ್ಲಿ ಸಣ್ಣವನ ಪಕ್ಕ ದೊಡ್ಡವಳೊಬ್ಬಳು ಬೇಕೆಂದೇ ಕೂರುತ್ತಾಳೆ. ಲೀಡರ್ ವಾರಕ್ಕೊಬ್ಬರು ಆಗಲಿ ಸಾರ್ ಅಂತ ಕೇಳಿದ ಮಕ್ಕಳಿದ್ದಾರೆ. “ತಲೆಹರಟೆ, ಕೂತ್ಕೊ” ಎಂಬ ಉತ್ತರ ಪಡೆದವರೂ ಅವರೇ. ದಾರಿ ಹುಡುಕಿದ್ದಕ್ಕೆ ಸಿಕ್ಕ ಬಹುಮಾನ ಅದು.

ಮಕ್ಕಳ ಮಾತಿಗೆ ಕಿವಿಗೊಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಕುಂದಾಪುರದ ಕಡೆಯ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆಯಿತು. ದುಡಿಯುವ ಮಕ್ಕಳೂ ಕೂತು, ತಮ್ಮ ಕಷ್ಟ ತಾವೇ ಪಟ್ಟಿ ಮಾಡಿ, ದೊಡ್ಡವರ ಪಂಚಾಯತಿಯ ಮುಂದಿಟ್ಟರು. ಅದರ ಹೆಸರು ದೇಶದಾಚೆಗೂ ಹೋಯಿತು. ಆಮೇಲೆ ಸರ್ಕಾರ ಎಲ್ಲ ಪಂಚಾಯತಿಗಳಿಗೂ ಮಕ್ಕಳ ಗ್ರಾಮಸಭೆ ಮಾಡಿ ಎಂದಿತು. ಈಗ ಎಷ್ಟೋ ಕಡೆ ಅದು ಹೇಗೆ ನಡೆಯುತ್ತದೆ? ಶಾಮಿಯಾನ, ಸ್ವಾಗತ ಗೀತೆ, ಗಣ್ಯರ ಭಾಷಣ. ಬಿಸಿಲಲ್ಲಿ ಮಕ್ಕಳು. ಕೊನೆಗೆ ಐದು ನಿಮಿಷ ಮಕ್ಕಳ ಪ್ರಶ್ನೆಗೆ. ಪ್ರಶ್ನೆಯನ್ನು ಮೇಷ್ಟ್ರು ಹಿಂದಿನ ದಿನವೇ ಬಾಯಿಪಾಠ ಮಾಡಿಸಿರುತ್ತಾರೆ.

ಮಾಡಬೇಕಾದ್ದು ಮೂರು ಕೆಲಸ. ಬೋರ್ಡಿನ ಮೇಲಿನ ಹೆಸರು ಪಟ್ಟಿ ನಿಲ್ಲಿಸಿ, ಲೀಡರ್‌ಗಿರಿ ಎಲ್ಲರಿಗೂ ಸರದಿಯಲ್ಲಿ ಕೊಡಿ. ದೂರು ಪೆಟ್ಟಿಗೆ ಮರೆಯ ಜಾಗದಲ್ಲಿಡಿ, ಕೀಲಿಯನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ತಾಯಿಯ ಕೈಗೆ ಕೊಡಿ. ಶನಿವಾರ ಅರ್ಧ ಗಂಟೆ ಮಕ್ಕಳು ಮಾತಾಡಲಿ, ದೊಡ್ಡವರು ಬಾಯಿ ಮುಚ್ಚಿಕೊಂಡಿರಲಿ. ಇದಕ್ಕೆ ಟೆಂಡರ್ ಬೇಕಿಲ್ಲ. ಉದ್ಘಾಟನೆ ಬೇಕಿಲ್ಲ. ಬಹುಶಃ ಆಗದೇ ಇರುವುದು ಅದಕ್ಕೇ.

ಆಗುವುದೇನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಂದು ಸುತ್ತೋಲೆ ಬರುತ್ತದೆ. ‘ಎಲ್ಲ ಪ್ರಾಥಮಿಕ ಶಾಲೆಗಳ ವಿದ್ಯಾರ್ಥಿಗಳು ಕಡ್ಡಾಯವಾಗಿ ಸ್ವಯಂಪ್ರೇರಣೆಯಿಂದ ಪರಿಹಾರ ಕಂಡುಕೊಳ್ಳತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ. ಫೋಟೊ ಸಹಿತ ವರದಿಯನ್ನು ಇಂದು ಸಂಜೆ ಐದರೊಳಗೆ ಕಳಿಸುವುದು.’