ಅರ್ಧ ಬೆಲೆಯ ಪಂಡಿತರು

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ನೆರೆಯುವ ಹಳೇ ಸಾಮಾನಿನ ಸಂತೆಯಲ್ಲಿ ಕೊಳ್ಳುವವರು, ಮಾರುವವರು ಎಂಬ ಎರಡು ವರ್ಗಗಳಲ್ಲದೆ, ಬರಿದೇ ಬೆಲೆ ಕಟ್ಟುವುದಕ್ಕೆಂದು ಬರುವ ಮೂರನೆಯ ವರ್ಗವೊಂದಿದ್ದು, ಅದರಲ್ಲಿಯೂ ತಗಡು ಕೆಲಸದ ಹಳೇ ಹತ್ಯಾರುಗಳನ್ನು ಪರೀಕ್ಷಿಸುವವರದು ಪ್ರತ್ಯೇಕ ಶಾಖೆಯಾಗಿದೆ. ಈ ಶಾಖೆಯವರು ಸಾಮಾನ್ಯವಾಗಿ ಯಾವುದಾದರೂ ಕಾರ್ಖಾನೆಯ ಶೀಟ್ ಮೆಟಲ್ ವಿಭಾಗದಿಂದ ನಿವೃತ್ತರಾದವರು. ಅಂಗಿಯ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು, ಪ್ಯಾಂಟಿನ ಜೇಬಿನಲ್ಲಿ ತಗಡಿನ ಚೂರು ಇವರ ಲಾಂಛನಗಳು. ದುಡ್ಡನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ.

ಇವರ ವಿದ್ಯೆ ಪೊಳ್ಳೆಂದು ಹೇಳುವಂತಿಲ್ಲ. ಸ್ಟೇಕ್, ಎಂದರೆ ಬೆಂಚಿನ ರಂಧ್ರದಲ್ಲಿ ನಿಲ್ಲಿಸಿ, ಮೇಲೆ ತಗಡನ್ನಿಟ್ಟು ಬಡಿದು ಬಾಗಿಸುವ ಉಕ್ಕಿನ ಆಧಾರ, ಕಣ್ಣಿಗೆ ಬಿದ್ದರೆ ಅವರು ಅದರ ತುಕ್ಕಿಗೆ ಬೆದರದೆ, ಕೆಲಸ ಮಾಡುವ ಮುಖದ ಮೇಲೆ ಉಗುರನ್ನು ಎಳೆದು ನೋಡುತ್ತಾರೆ. ಮೇಲುತುಕ್ಕು ಎಣ್ಣೆಗೂ ಎಮರಿ ಪೇಪರಿಗೂ ಬಿಟ್ಟುಹೋಗುತ್ತದೆ; ಉಗುರಿಗೆ ತಗಲುವ ಗುಳಿಯಾದರೋ ಅಲ್ಲಿ ಬಡಿದ ಪ್ರತಿಯೊಂದು ತಗಡಿನ ಮೇಲೂ ತನ್ನ ಗುರುತೊತ್ತುವುದರಿಂದ ಬೆಲೆ ಕುಸಿಯುತ್ತದೆ. ತಗಡು ಕತ್ತರಿಯನ್ನು ಪರೀಕ್ಷಿಸಲು ಜೇಬಿನ ಚೂರು ಹೊರಬರುತ್ತದೆ. 24 ಗೇಜಿನ, ಎಂದರೆ ಸುಮಾರು 0.56 ಮಿಲಿಮೀಟರ್ ದಪ್ಪದ ಆ ತಗಡನ್ನು ಬುಡದಲ್ಲಿ ಕತ್ತರಿಸಿ ತುದಿಯಲ್ಲಿ ಜಗಿಯುವ ಕತ್ತರಿಗೆ ಅವರಲ್ಲಿ ಕ್ಷಮೆಯಿಲ್ಲ. ಶೆಫೀಲ್ಡಿನ ಹಳೇ ಹತ್ಯಾರಿನ ಮೇಲೆ ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆ ಕಂಡು ಮೂಗು ಮುರಿಯುವ ಹೊಸಬರಿಗೆ, ಅದು 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಕರಗಿಸಿ ಸಿದ್ಧಿಸಿಕೊಂಡ ಬಗೆಯ ಉತ್ತಮ ಉಕ್ಕೆಂದು ತಿಳಿಸಿಕೊಡುವವರೂ ಇವರೇ. ಬಕೆಟ್ಟಿನ ಮೈಗೆ ಉಬ್ಬುಗೆರೆ ಮೂಡಿಸುವ ಕೈಯಂತ್ರ ಸಿಕ್ಕರೆ, ಜೋಡಿ ರೋಲರುಗಳೆಲ್ಲ ಇವೆಯೇ, ಎರಕದ ಚೌಕಟ್ಟು ಬಿರುಕು ಬಿಟ್ಟು ಬೆಸುಗೆ ಕಂಡಿದೆಯೇ ಎಂಬೆರಡೇ ಪ್ರಶ್ನೆ.

ಇಷ್ಟೆಲ್ಲ ಬಲ್ಲವರನ್ನು ಸಮಾಜ ಸಹಿಸಲಾರದಿರುವುದಕ್ಕೆ ಕಾರಣ ಅವರ ಮೂರನೆಯ ಪ್ರಶ್ನೆ: “ಎಷ್ಟು ಕೊಟ್ರಿ?” ಉತ್ತರ ಯಾವುದೇ ಆಗಲಿ, ತೀರ್ಪು ಒಂದೇ: “ಅಯ್ಯೋ, ಅರ್ಧಕ್ಕೇ ಬರ್ತಿತ್ತಲ್ರೀ!” ಪ್ರಸ್ತುತ ಪ್ರಬಂಧದ ಕರ್ತೃವಿನ ಪಕ್ಕದ ಮನೆಯಲ್ಲಿ ಈ ಜಾತಿಯ ಉತ್ಕೃಷ್ಟ ಮಾದರಿಯೊಂದು ವಾಸವಾಗಿದ್ದು, ಕರ್ತೃ ಹ್ಯಾಚೆಟ್ ಸ್ಟೇಕ್ ಒಂದನ್ನು, ಎಂದರೆ ತಗಡನ್ನು ನೇರವಾಗಿ ಮಡಿಸಲು ಬೇಕಾದ ಚೂಪಂಚಿನ ಸ್ಟೇಕನ್ನು, ಸಾವಿರದ ಇನ್ನೂರಕ್ಕೆ ತಂದು ಮಾನರಕ್ಷಣೆಗಾಗಿ ಎಂಟುನೂರೆಂದು ಹೇಳಿದಾಗ, ಅದು ನಾನೂರರ ಮಾಲೆಂದು ಕ್ಷಣಾರ್ಧದಲ್ಲಿ ನಿರ್ಣಯವಾಯಿತು. ಮುಂದಿನ ಸಲ, ಹತ್ಯಾರು ಪುಕ್ಕಟೆಯಾಗಿ ಸಿಕ್ಕಿತೆಂದು ಹೇಳಿ ಗೆದ್ದೆನೆಂದು ಕರ್ತೃ ಬೀಗುತ್ತಿರುವಾಗಲೇ ಪಂಡಿತರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: “ತರೋಕೆ ಆಟೋದವನು ಎಷ್ಟು ತಗೊಂಡ?”

ಆದರೆ ಇದೇ ಪಂಡಿತರು, ಬೈದ ಸ್ಟೇಕಿನ ಮುಂದೆಯೇ ಬಿಗಿದ ಮುಖದಲ್ಲಿ ಕುಳಿತು, ಜೇಬಿನ ಚೂರನ್ನು ಅದರ ಅಂಚಿಗೆ ಹೊಂದಿಸಿ, ಎಡಗೈಯ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮರದ ಕೊಡತಿಯಿಂದ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಟ್ಟುತ್ತ ಹೋದರೆ, ಗೀಟೆಳೆದ ಜಾಗದಲ್ಲಿಯೇ ಮಡಿಕೆ ಎದ್ದು ನಿಲ್ಲುತ್ತದೆ. ಸ್ಕೇಲಿಟ್ಟು ನೋಡುವ ಅಗತ್ಯ ಬೀಳುವುದಿಲ್ಲ. ಲಾಳಿಕೆ, ನೀರಿನ ಡಬ್ಬಗಳನ್ನು ಪ್ಲಾಸ್ಟಿಕ್, ಸೀಮೆಎಣ್ಣೆಯ ಬುಡ್ಡಿಯನ್ನು ವಿದ್ಯುತ್ತು ನುಂಗಿದ ಮೇಲೆ ಬೀದಿಯ ತಗಡು ಅಂಗಡಿಗಳು ವಿರಳವಾಗಿ, ಇಂತಹ ಕೈಗೆ ಬೆಲೆ ಕಟ್ಟುವ ಮೂರನೆಯ ವರ್ಗ ಎಲ್ಲಿಯೂ ಹುಟ್ಟಿಕೊಂಡಿಲ್ಲ.

ಮಗನ ಫ್ಲ್ಯಾಟಿನಲ್ಲಿ ಬೆಂಚಿಗೆ ಜಾಗವಿಲ್ಲದ ಕಾರಣ ಪಂಡಿತರು ತಮ್ಮದೇ ಹತ್ಯಾರುಗಳ ಟ್ರಂಕನ್ನು ವಿಲೇವಾರಿ ಮಾಡಲು ಒಪ್ಪಿ ಗುಜರಿಯವನನ್ನು ಕರೆಸಿದ್ದಾರೆ. ಶೆಫೀಲ್ಡಿನಿಂದ ಹಿಡಿದು ಸ್ಟೇಕಿನ ಮುಖದವರೆಗಿನ ಉಪನ್ಯಾಸವನ್ನು ಆತ ಸಾವಧಾನದಿಂದ ಕೇಳಿ, “ಎಲ್ಲಾ ಕಬ್ಬಿಣಾನೇ ಅಲ್ವಾ ಸಾರ್?” ಎಂದು ಸ್ಪ್ರಿಂಗ್ ತಕ್ಕಡಿ ತೆಗೆದ. ಕಿಲೋ ದರದ ಮಾತೆತ್ತುವ ಮೊದಲೇ ಪಂಡಿತರು ಆ ತಕ್ಕಡಿಯನ್ನು ಕೈಗೆ ತೆಗೆದುಕೊಂಡು, ಕೊಕ್ಕೆಯನ್ನೆಳೆದು ನೋಡಿ, ಸ್ಪ್ರಿಂಗು ಸೋತಿರುವುದನ್ನು ಸಾಧಾರವಾಗಿ ನಿರೂಪಿಸಿ, ಅದನ್ನು ಕೊಂಡದ್ದು ಎಷ್ಟಕ್ಕೆಂದು ವಿಚಾರಿಸಿದರು. ವ್ಯಾಪಾರ ಇನ್ನೂ ಆ ಹಂತದಲ್ಲಿಯೇ ಇದೆ.