ಕುಕ್ಕರ್ ರಬ್ಬರಿನ ಬಾಲಂಗೋಚಿ

ಯಳಂದೂರಿನಲ್ಲಿರುವ ನಮ್ಮತ್ತೆಯವರ ಕುಕ್ಕರಿನ ರಬ್ಬರು ಹೋಯಿತು. ಅವರ ಮದುವೆಯ ಕಾಲದ್ದೇನೋ ಎನ್ನುವಷ್ಟು ಹಳೆಯ ಕುಕ್ಕರು. ಅದರ ಅಳತೆಯ ರಬ್ಬರು ಯಳಂದೂರಿನಲ್ಲಿ ಸಿಗಲಿಲ್ಲ. ಕೊಳ್ಳೇಗಾಲದ ಪಾತ್ರೆ ಅಂಗಡಿಯವರು ಒಂದು ವಾರ ‘ನಾಳೆ ಬರ್ತದೆ ಸಾರ್’ ಎಂದರು. ಅಳಿಯನಾದವನು ಇಂಥ ಹೊತ್ತಿನಲ್ಲಿ ಕೈಕಟ್ಟಿ ಕೂರುವಂತಿಲ್ಲ. ಗೂಗಲ್ಲಿನಲ್ಲಿ ಹುಡುಕಿದೆ, ಸಿಕ್ಕಿತು. ಅಳತೆ ಇದೇ ಹೌದೋ ಅಲ್ಲವೋ ಹೇಳಪ್ಪ ಎಂದು ಹನೂರಿನಲ್ಲಿರುವ ಭಾಮೈದನಿಗೆ ವಾಟ್ಸಾಪಿನಲ್ಲಿ ಲಿಂಕು ಕಳಿಸಿದೆ. ಐದು ನಿಮಿಷಕ್ಕೆ ಅವನ ಫೋನು ಬಂತು.

“ಏನ್ ಭಾವ, ರಬ್ಬರ್ ಕಳಿಸಿ ಅಂದ್ರೆ ರೈಲ್ ಕಳಿಸಿದ್ದೀರಲ್ಲ!”

ಕೊಳ್ಳೇಗಾಲಕ್ಕೆ ಇವತ್ತಿನವರೆಗೂ ರೈಲು ಬಂದಿಲ್ಲ. ಪ್ರತಿ ಚುನಾವಣೆಯಲ್ಲೂ ಬರುತ್ತೇನೆ ಬರುತ್ತೇನೆ ಎನ್ನುತ್ತದೆ, ಅಷ್ಟೆ. ಅಂಥ ಊರಿಂದ ನಾನೊಬ್ಬ ರೈಲು ಬಿಟ್ಟಿದ್ದೇನೆಂದರೆ ನೋಡಲೇಬೇಕಾಯಿತು. ನಿಜ, ಆ ಲಿಂಕು ಪರದೆಯ ಮೇಲಿಂದ ಕೆಳಗಿನವರೆಗೆ ಹಬ್ಬಿತ್ತು. ಮೊದಲ ಸಾಲಿನಲ್ಲಿ ಅಂಗಡಿಯ ಹೆಸರು, ಸಾಮಾನಿನ ಹೆಸರು. ಆಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅಲ್ಲಿಂದಾಚೆಗೆ ದೆವ್ವ ಹಿಡಿದವರ ಮಾತಿನಂತೆ ಅಕ್ಷರ, ಅಂಕಿ, ಪರ್ಸೆಂಟು, ನಡುನಡುವೆ ಆಂಡ್ ಗುರುತು.

ಇದನ್ನು ನಾನು ಅರ್ಥ ಮಾಡಿಕೊಂಡದ್ದು ಬಸ್ಸಿನ ಬೋರ್ಡಿನಿಂದ. ‘ಕೊಳ್ಳೇಗಾಲ–ಮಧುವನಹಳ್ಳಿ–ಕಾಮಗೆರೆ–ಹನೂರು’ ಎಂದು ಬೋರ್ಡಿರುತ್ತದೆ. ಬಸ್ಸು ಹನೂರು ಮುಟ್ಟಲು ಅಷ್ಟು ಸಾಕು. ಆದರೆ ಹತ್ತಿ ಕೂತ ಮೇಲೆ ಪಕ್ಕದವರು ಶುರು ಮಾಡುತ್ತಾರೆ: ಯಾವೂರಾಯ್ತು? ಯಾರ ಮನೆಗೆ? ಏನು ವಿಶೇಷ? ಚೀಲದಲ್ಲೇನು? ಬಸ್ಸು ಓಡುವುದಕ್ಕೂ ಈ ಪ್ರಶ್ನೆಗಳಿಗೂ ಸಂಬಂಧವಿಲ್ಲ. ವೆಬ್ ವಿಳಾಸದಲ್ಲೂ ಹೆಚ್ಚುಕಡಿಮೆ ಹಾಗೆಯೇ, ಪ್ರಶ್ನಾರ್ಥಕ ಚಿಹ್ನೆಯವರೆಗೆ ಬೋರ್ಡು, ಅದರಾಚೆಗೆ ಪಕ್ಕದ ಸೀಟು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಉತ್ತರವನ್ನೂ ಅವರೇ ಬರೆದುಕೊಂಡು, ಚೀಟಿಯನ್ನು ನಮ್ಮ ಬೆನ್ನಿಗೆ ಅಂಟಿಸಿ ಕಳಿಸುತ್ತಾರೆ.

ಕುತೂಹಲಕ್ಕೆ ಕಂಪ್ಯೂಟರಿನ ಮುಂದೆ ಕೂತು ಬರೀ ಹುಡುಕಾಟದ ವಿಳಾಸವನ್ನೇ ಬಿಡಿಸಿದೆ. ರೇಷ್ಮೆ ಬಿಚ್ಚುವವರು ಗೂಡುಗಳನ್ನು ಬಿಸಿನೀರಿಗೆ ಹಾಕಿ ಎಳೆಯ ತುದಿ ಹುಡುಕುತ್ತಾರಲ್ಲ, ಅಂಥ ಕೆಲಸ. ಕೊನೆಗೆ ಸಿಕ್ಕ ಎಳೆ ‘ಕ್ಯೂ’ ಎಂಬ ಒಂದೇ ಅಕ್ಷರ. ಅದರ ಮುಂದೆ ಸಮ ಚಿಹ್ನೆ, ಅದರ ಮುಂದೆ ನಾನು ಕೇಳಿದ ಕುಕ್ಕರ್ ರಬ್ಬರು. ಅದಿಷ್ಟು ಉಳಿಸಿ ಮಿಕ್ಕದ್ದನ್ನೆಲ್ಲ ಅಳಿಸಿ ಎಂಟರ್ ಒತ್ತಿದೆ. ಉತ್ತರಗಳೇನೂ ಕೋಪಿಸಿಕೊಂಡು ಹೋಗಲಿಲ್ಲ, ಅವೇ ಬಂದವು. ಹಾಗಾದರೆ ಮಿಕ್ಕದ್ದು ಯಾರಿಗಾಗಿ? ‘ಓಕ್ಯೂ’ ಎಂಬೊಂದು ತುಂಡಿತ್ತು. ನಾನು ಅರ್ಧ ಟೈಪಿಸುವಷ್ಟರಲ್ಲಿ ಗೂಗಲ್ಲು ಪೂರ್ತಿ ವಾಕ್ಯ ಸೂಚಿಸಿತು, ನಾನು ಅದನ್ನೇ ಒತ್ತಿದೆ. ಆದರೆ ಮೊದಲು ಟೈಪಿಸಿದ ಅರ್ಧ ಮಾತನ್ನೂ ಅದು ಇಟ್ಟುಕೊಂಡಿತ್ತು. ನುಂಗಿಕೊಂಡ ಮಾತನ್ನೂ ಕೇಳಿಸಿಕೊಳ್ಳುವವಳು ನನ್ನ ಹೆಂಡತಿ ಒಬ್ಬಳೇ ಎಂದುಕೊಂಡಿದ್ದೆ.

ಇನ್ನೊಂದು ತುಂಡಿನ ಹೆಸರು ‘ಕ್ಲೈಂಟ್’. ಫೈರ್‌ಫಾಕ್ಸಿನ ವಿಳಾಸದ ಪಟ್ಟಿಯಲ್ಲಿ ಟೈಪಿಸಿ ಗೂಗಲ್ಲಿಗೆ ಹೋದರೆ, ‘ಇವರನ್ನು ಕರಕೊಂಡು ಬಂದದ್ದು ಫೈರ್‌ಫಾಕ್ಸು’ ಎಂದು ಅದು ಹೇಳುತ್ತದೆ. ಕೊಳ್ಳೇಗಾಲದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ದೂರದೂರಿಂದ ಸೀರೆಗೆ ಬಂದವರನ್ನು ಆಟೋದವನು ಬಸ್‌ಸ್ಟ್ಯಾಂಡಿನಲ್ಲೇ ಹತ್ತಿಸಿಕೊಂಡು, ‘ಬನ್ನಿ ಅಮ್ಮಾ, ನೇಯೋರ ಹತ್ರಾನೇ ಕರಕೊಂಡೋಗ್ತೀನಿ’ ಎಂದು ಅಂಗಡಿಗೆ ಬಿಡುತ್ತಾನೆ. ಒಳಗೆ ಜಮಖಾನದ ಮೇಲೆ ಸೀರೆ ಹಾಸುವ ಮೊದಲು ಒಂದು ಮೃದುವಾದ ಪ್ರಶ್ನೆ ಬರುತ್ತದೆ, ‘ಯಾರ್ ಕಳಿಸಿದ್ರು?’ ಆಮೇಲೆ ಆಟೋದವನಿಗೂ ಅಂಗಡಿಯವರಿಗೂ ಏನೋ ಲೆಕ್ಕ. ಫೈರ್‌ಫಾಕ್ಸಿನ ಹಿಂದಿರುವ ಮೊಝಿಲಾದ ವರಮಾನದ ದೊಡ್ಡ ಪಾಲು ಬರುವುದೂ ಗೂಗಲ್ಲಿನ ಜೊತೆಗಿನ ಇಂಥ ಲೆಕ್ಕದಿಂದಲೇ. ಇಷ್ಟು ದಿನ ನಾನು ಬ್ರೌಸರು ಎಂದುಕೊಂಡು ಆಟೋ ಹತ್ತುತ್ತಿದ್ದೆ.

ಯುಟಿಎಂ ಎಂಬ ಮೂರಕ್ಷರದ ಪರಿವಾರ ಇನ್ನೂ ಸ್ವಾರಸ್ಯದ್ದು. ಸೋರ್ಸ್, ಮೀಡಿಯಂ, ಕ್ಯಾಂಪೇನ್ ಎಂದು ಬರುತ್ತವೆ: ಎಲ್ಲಿಂದ ಬಂದೆ, ಹೇಗೆ ಬಂದೆ, ಯಾರ ಡಂಗುರ ಕೇಳಿ ಬಂದೆ. ಅದರಲ್ಲಿನ ‘ಯು’ ಎಂದರೆ ಅರ್ಚಿನ್. ಅಮೆರಿಕದಲ್ಲಿ ಆ ಹೆಸರಿನ ಒಂದು ಕಂಪನಿ ಇತ್ತು. 2005ರಲ್ಲಿ ಗೂಗಲ್ ಅದನ್ನು ಕೊಂಡು, ಅದೇ ವರ್ಷ ಗೂಗಲ್ ಅನಾಲಿಟಿಕ್ಸ್ ಎಂದು ಹೊರಬಿಟ್ಟಿತು. ಕಂಪನಿ ಹೋದರೂ ಹೆಸರು ಲಿಂಕುಗಳಲ್ಲಿ ಉಳಿಯಿತು. ಅರ್ಚಿನ್ ಎಂದೊಡನೆ ನನಗೆ ನೆನಪಾದದ್ದು ಅರ್ಚನೆ. ಬೆಟ್ಟ ಹತ್ತಿ ರಂಗನಾಥನ ಮುಂದೆ ನಿಂತರೆ ಅರ್ಚಕರು ಹೆಸರು, ಗೋತ್ರ, ನಕ್ಷತ್ರ ಕೇಳುತ್ತಾರೆ. ದೇವರಿಗೆ ಹೇಳುವುದಕ್ಕೆ ನನ್ನ ಅಡ್ಡಿಯಿಲ್ಲ. ಆತ ಮಂಗಳಾರತಿ ಮುಗಿಯುವುದರೊಳಗೆ ಮರೆತುಬಿಡುತ್ತಾನೆ ಎಂಬುದಕ್ಕೆ ನನ್ನ ಜೀವನವೇ ಸಾಕ್ಷಿ. ಲಿಂಕಿನ ಅರ್ಚನೆ ಹಾಗಲ್ಲ. ರಬ್ಬರು ನೋಡಿದ ಮೇಲೆ ಮೂರು ದಿನ ನಾನು ತೆರೆದ ಪುಟದಲ್ಲೆಲ್ಲ ಕುಕ್ಕರೇ ಕೂಗಿತು. ಲಿಂಕು ತೆರೆದ ತಪ್ಪಿಗೆ ಹನೂರಿನಲ್ಲೂ ಕೂಗಿತು.

“ವೀರಪ್ಪನ್ ಊರು ಗೋಪಿನಾಥಂ ಇರೋದು ನಮ್ ತಾಲ್ಲೂಕಲ್ಲೇ ಭಾವ” ಎಂದ ಭಾಮೈದ. “ಅವನ ಹಿಂದೆ ಎರಡು ರಾಜ್ಯದ ಪೊಲೀಸ್ರು ವರ್ಷಗಟ್ಲೆ ಕಾಡು ಸೋಸಿದ್ರು. 2004ರವರೆಗೂ ಆಗ್ಲಿಲ್ಲ. ನೀವು ರಬ್ಬರ್ ನೋಡಿದ್ದು ಮೂರ್ ನಿಮಿಷಕ್ಕೆ ಗೊತ್ತಾಗೋಯ್ತಲ್ಲ!”

ಅಂದಿನಿಂದ ನಾನು ಲಿಂಕುಗಳ ಬಾಲಂಗೋಚಿ ಕತ್ತರಿಸುವವನಾದೆ. ಹೊಸದಾಗಿ ಕತ್ತರಿ ಹಿಡಿದ ಮಗುವಿನ ಕೈಗೆ ಪರದೆಯೂ ಒಂದೇ, ಲಂಗವೂ ಒಂದೇ. ವಾಟ್ಸಾಪಿಗೆ ಯಾರು ಏನು ಕಳಿಸಿದರೂ ಪ್ರಶ್ನಾರ್ಥಕ ಚಿಹ್ನೆಯಿಂದಾಚೆಗೆ ಕಚಕ್ಕೆಂದು ಕತ್ತರಿಸಿಯೇ ಮುಂದೆ ಸಾಗಿಸುತ್ತಿದ್ದೆ. ಫೇಸ್‌ಬುಕ್ಕು 2018ರಿಂದ ಅಂಟಿಸುತ್ತಿರುವ ಎಫ್‌ಬಿಕ್ಲಿಡ್ ಹೋಯಿತು, ಗೂಗಲ್ ಜಾಹೀರಾತಿನ ಜಿಕ್ಲಿಡ್ ಹೋಯಿತು. ಅತ್ತೆಯವರು ಕೇಳಿದ ಮಾದಪ್ಪನ ಹಾಡಿನ ಯೂಟ್ಯೂಬ್ ಲಿಂಕಿಗೂ ಅದೇ ಗತಿ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದಿರುವ ‘ವಿ’ ಎಂಬುದೇ ಹಾಡಿನ ಗುರುತು ಎಂದು ನನಗೇನು ಗೊತ್ತು? ಕತ್ತರಿಸಬೇಕಾದದ್ದು ಯಾರು ಹಂಚಿದರೆಂದು ಹೇಳುವ ‘ಎಸ್‌ಐ’ ಎಂಬ ಚೂರನ್ನು ಮಾತ್ರ. ಅತ್ತೆಯವರಿಗೆ ಮಾದಪ್ಪನ ಬದಲು ಯಾರೋ ಕುಣಿಯುತ್ತಿರುವುದು ಕಂಡಿತು. “ಅಳಿಯಂದ್ರು ಇಂಥಾವೆಲ್ಲ ನೋಡ್ತಾರಾ?” ಎಂದು ಮಗಳಿಗೆ ಫೋನು ಮಾಡಿದರಂತೆ. ಚಿಕ್ಕಂದಿನಲ್ಲಿ ಬಾಲಂಗೋಚಿ ಕಟ್ಟದೆ ಹಾರಿಸಿದ ಗಾಳಿಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತಿದ್ದದ್ದು ನನಗೆ ಆಗ ನೆನಪಾಗಬೇಕಿತ್ತು.

ಎರಡನೆಯ ಏಟು ಬೆಂಗಳೂರಿನಿಂದ ಬಂತು. ಅಣ್ಣನ ಮಗ ರಿಯಾಯಿತಿ ಮಾಲಿನ ಲಿಂಕುಗಳನ್ನು ಮನೆಯ ಗುಂಪಿಗೆ ಹಾಕುತ್ತಿದ್ದ. ನಾವೆಲ್ಲ ಅದನ್ನು ವಾತ್ಸಲ್ಯವೆಂದು ಭಾವಿಸಿದ್ದೆವು. ನಾನು ಅವನ್ನೂ ಸವರಿ, ‘ಶುದ್ಧ ಲಿಂಕು ಇಲ್ಲಿದೆ’ ಎಂದು ಹಿಂದೆಯೇ ಹಾಕುತ್ತಿದ್ದೆ. ಒಂದು ದಿನ ಫೋನು ಮಾಡಿ ಕೂಗಾಡಿದ, “ಚಿಕ್ಕಪ್ಪಾ, ಬಾಲದಲ್ಲೇ ನನ್ನ ಕೋಡ್ ಇರೋದು! ನೀವು ಕತ್ತರಿಸಿದ್ರೆ ನನಗೆ ಕಮಿಷನ್ ಎಲ್ಲಿಂದ ಬರುತ್ತೆ?” ಮನೆಯೊಳಗೇ ಒಂದು ಆಟೋ ಓಡುತ್ತಿತ್ತು, ನನಗೆ ತಿಳಿದಿರಲಿಲ್ಲ.

ಸವರುವುದಕ್ಕೂ ಹದ ಬೇಕೆಂದು ಗೊತ್ತಾದ ಮೇಲೆ ಕತ್ತರಿಯನ್ನು ಬ್ರೌಸರಿನ ಕೈಗೇ ಕೊಟ್ಟೆ. ಫೈರ್‌ಫಾಕ್ಸು 2022ರ ಜೂನಿನಿಂದ ತನ್ನ ಕಟ್ಟುನಿಟ್ಟಿನ ಸೆಟ್ಟಿಂಗಿನಲ್ಲಿ ಹೆಸರುವಾಸಿ ಬಾಲಗಳನ್ನು ತಾನೇ ಉದುರಿಸುತ್ತದೆ. 2023ರ ನವೆಂಬರಿನಲ್ಲಿ ಬಾಲ ಬಿಟ್ಟು ಲಿಂಕು ಕಾಪಿ ಮಾಡುವ ಆಯ್ಕೆಯನ್ನೂ ತಂದಿತು. ಬ್ರೇವ್ ಬ್ರೌಸರೂ ಮಾಡುತ್ತದೆ. ಆಪಲ್ಲಿನ ಸಫಾರಿ 2023ರಿಂದ ಖಾಸಗಿ ಕಿಟಕಿಯಲ್ಲಿ ಮಾಡುತ್ತದೆ. ಕ್ಲಿಯರ್‌ಯುಆರ್‌ಎಲ್ಸ್ ಎಂಬ ಪುಟ್ಟ ಎಕ್ಸ್‌ಟೆನ್ಷನ್ ಅದಕ್ಕೆಂದೇ ಇದೆ. ಹುಡುಕಾಟಕ್ಕಂತೂ ಸೆಟ್ಟಿಂಗಿಗೆ ಹೋಗಿ ‘ಕ್ಯೂ’ ಒಂದನ್ನೇ ಇಟ್ಟು ನಮ್ಮದೇ ವಿಳಾಸ ಮಾಡಿಕೊಂಡರಾಯಿತು. ಗೂಗಲ್ಲಿಗೆ ಲಾಗಿನ್ ಆಗಿಯೇ ಕೂತು ಇದನ್ನೆಲ್ಲ ಮಾಡುವುದು ಮಾತ್ರ, ಮುಖ ತೋರಿಸಿಕೊಂಡು ಹೆಸರು ಹೇಳೆನೆಂದು ಹಟ ಹಿಡಿದ ಹಾಗೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇದನ್ನು ಅತ್ತೆಯವರಿಗೆ ಹೆಮ್ಮೆಯಿಂದ ಹೇಳಿದೆ. ಅವರು ಅವರೆಕಾಳು ಬಿಡಿಸುವುದನ್ನು ನಿಲ್ಲಿಸದೆ, “ಪಾಪ, ಅಂಥಾದ್ದೇನಿತ್ತಂತೆ ಮುಚ್ಚಿಡೋಕೆ?” ಎಂದರು.

ಅವರ ಮನೆಯಿಂದ ಬರುವಾಗಲೆಲ್ಲ ನನಗೆ ಯಳಂದೂರು ತಾಲ್ಲೂಕಿನದೇ ಆದ ಅಗರ ನೆನಪಾಗುತ್ತದೆ. ‘ವಿಗಡ ವಿಕ್ರಮರಾಯ’ ಬರೆದ ನಾಟಕಕಾರ ಸಂಸರು 1898ರಲ್ಲಿ ಹುಟ್ಟಿದ ಊರು ಅದು. ಪೊಲೀಸರು ತನ್ನ ಬೆನ್ನ ಹಿಂದೆ ಬಿದ್ದಿದ್ದಾರೆಂಬ ಭಯ ಆ ಮನುಷ್ಯನನ್ನು ಊರೂರು ಅಲೆಸಿತು. 1939ರಲ್ಲಿ ಮೈಸೂರಿನಲ್ಲಿ ಅವರು ತೀರಿಕೊಂಡಾಗಲೂ ಅದು ಬಿಟ್ಟಿರಲಿಲ್ಲ. ಬರೆದ ನಾಟಕಗಳಲ್ಲಿ ನಮಗೆ ಉಳಿದದ್ದು ಆರು. ಇಲ್ಲದ ಹೆಜ್ಜೆಸಪ್ಪಳಕ್ಕೆ ಅವರು ಅಷ್ಟು ನವೆದರು. ಇರುವ ಹೆಜ್ಜೆಸಪ್ಪಳ ಕೇಳಿಯೂ ನಾವು ‘ಎಲ್ಲಕ್ಕೂ ಒಪ್ಪಿಗೆ’ ಎಂಬ ಗುಂಡಿ ಒತ್ತಿ ಕ್ರಿಕೆಟ್ ಸ್ಕೋರು ನೋಡುತ್ತೇವೆ. ಈ ಎರಡನ್ನೂ ಒಟ್ಟಿಗೆ ನೆನೆದರೆ ನನಗೆ ನಗು ಬರುವುದಿಲ್ಲ.

ಅಂತೂ ಕೊರಿಯರಿನಲ್ಲಿ ರಬ್ಬರು ಬಂತು. ಹೆಂಡತಿ ಅದನ್ನು ಹಳದಿ ಬಟ್ಟೆಯ ಕೈಚೀಲಕ್ಕೆ ಹಾಕಿ, ಮೇಲೆ ನಾಲ್ಕು ನಿಪ್ಪಟ್ಟಿಟ್ಟು ಕೊಟ್ಟಳು. ಯಳಂದೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸು, ಮಡಿಲಲ್ಲಿ ಎಲೆಯಡಿಕೆ ಚೀಲ.

“ಎಲ್ಲಿಗಪ್ಪಾ?”

“ಯಳಂದೂರಿಗೆ” ಎಂದೆ. ಬೋರ್ಡಿನಲ್ಲಿದ್ದಷ್ಟೇ.

“ಯಾರ್ ಮನೆಗೆ?”

“ಹೀಗೇ, ಕೆಲಸ ಇತ್ತು.”

ಅವರು ಮುಂದೆ ಕೇಳಲಿಲ್ಲ. ನಾನು ಗೆದ್ದೆನೆಂದು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡತೊಡಗಿದೆ. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಅಕ್ಷರ ಕೂಡಿಸಿ ಓದುವ ಸದ್ದು ಕೇಳಿಸಿತು. ತಿರುಗಿದರೆ ಅವರ ಕಣ್ಣು ನನ್ನ ತೊಡೆಯ ಮೇಲಿತ್ತು. ಭಾಮೈದನ ಮದುವೆಯಲ್ಲಿ ತಾಂಬೂಲಕ್ಕೆಂದು ಹಂಚಿದ ಚೀಲ ಅದು. ವಧೂವರರ ಹೆಸರು, ಎರಡೂ ಕಡೆಯ ತಂದೆತಾಯಂದಿರ ಹೆಸರು, ಊರು, ಬೀದಿ, ಛತ್ರ, ತಾರೀಕು, ಮುಹೂರ್ತ, ಎಲ್ಲವೂ ಕೆಂಪು ಅಕ್ಷರದಲ್ಲಿ ಅಚ್ಚಾಗಿದ್ದವು.

“ಓ, ದೊಡ್ಡ ಅಳಿಯಂದ್ರಾ!” ಎಂದರು ಆಕೆ, ನನ್ನ ಕಡೆ ಸರಿದು ಕೂತು. “ಕುಕ್ಕರ್ ರಬ್ಬರ್ ಸಿಕ್ತಾ?”